ಮಾಳವ್ವನ ಬಗಲಿನ ಗಂಟು

ಬೋರಾಮಣಿಯ ನಾಗವ್ವನಿಗೆ ಸಿಗಬೇಕಿದ್ದ ಚಿಕಿತ್ಸೆಯನ್ನು ತಪ್ಪಿಸಿದವಳು ನಾನು. ಒಂದು ಸುಳ್ಳಿನಿಂದ — ಅದೂ ಇಂಗ್ಲಿಷಿನಲ್ಲಿ.

ಅದು ಐವತ್ತರ ದಶಕ. ನಾನು ಅಕ್ಕಲಕೋಟೆಯ ಹುಡುಗಿ, ಕಾನ್ವೆಂಟಿನಲ್ಲಿ ಕಲಿತವಳು. ಸೊಲ್ಲಾಪುರದ ಆಸ್ಪತ್ರೆಯೊಂದರ ಎಕ್ಸ್-ರೇ ವಿಭಾಗದಲ್ಲಿ ಪ್ರೊಬೇಷನ್ ಮೇಲಿದ್ದ ನರ್ಸ್. ಡಾಕ್ಟರಿಗೆ ಕನ್ನಡ ಬಾರದು. ಹಳ್ಳಿಯವರ ಮಾತನ್ನು ನಾನೇ ಇಂಗ್ಲಿಷಿಗೆ ತಿರುಗಿಸಬೇಕು.

ಕುರಿ ಸಾಕುವ ಮನೆತನದ ಮಾಳವ್ವನ ಕೊರಳಲ್ಲಿ ಕ್ಯಾನ್ಸರ್ ಗಂಟು. ಡಾಕ್ಟರು ಅದರ ಸುತ್ತ ನೇರಳೆ ಶಾಯಿಯ ಗೆರೆ ಎಳೆದು, ಅಲ್ಲಿಗೆ ಮಾತ್ರ ಕಿರಣ ಕೊಡುತ್ತಿದ್ದರು. ಗೆರೆ ಅಳಿಯಬಾರದು, ಕೊರಳಿಗೆ ಏನೂ ಹಚ್ಚಬಾರದು — ಸ್ಟ್ರಿಕ್ಟ್ ಆರ್ಡರ್. ಒಂದು ದಿನ ಬಟ್ಟೆ ಬದಲಿಸುವಾಗ ಅವಳ ಬಗಲಲ್ಲಿ ಇನ್ನೊಂದು ಗಂಟು ಕಂಡೆ.

“ಸಾಹೇಬರಿಗೆ ಹೇಳಬ್ಯಾಡ್ರಿ ಬಾಯಾರ,” ಎಂದು ಕೈ ಹಿಡಿದಳು. “ಇನ್ನೊಂದ ಅದ ಅಂದ್ರ ವಾಸಿ ಆಗೂದಿಲ್ಲಂತ ಮನಿಗಿ ಕಳಸ್ತಾರ.”

ಹೇಳಲಿಲ್ಲ. ಅದನ್ನು ಕನಿಕರ ಅಂದುಕೊಂಡೆ. ಅವಳು ತಮ್ಮ ಕುಲದೇವರು ಬೀರೋಬಾನ ಭಂಡಾರವನ್ನು — ಗುಡಿಯ ಅರಿಸಿನವನ್ನು — ದಿನವೂ ಬಗಲಿಗಷ್ಟೇ ಹಚ್ಚಿಕೊಂಡಳು. ನಾವು ಬೇಡವೆಂದದ್ದು ಕೊರಳಿಗೆ ತಾನೆ!

ಕೊರಳಿನ ಗಂಟು ಕರಗಿತು. ಮುಂದೆ ತಪಾಸಣೆಗೆ ಬಂದಾಗ ಬಗಲು ಮುಟ್ಟಿ ನೋಡಿದೆ — ಮೈ ಗಾಡ್, ಅದೂ ಇಲ್ಲ! ಕಿರಣ ಅತ್ತ ಸುಳಿದೇ ಇರಲಿಲ್ಲ. ನನ್ನ ಬೆರಳು ಅಲ್ಲೇ ನಿಂತವು. ಓಡಿಹೋಗಿ ಡಾಕ್ಟರಿಗೆ ಹೇಳಬೇಕಿತ್ತು. ಹೇಳಿದರೆ, ಮೊದಲು ಮುಚ್ಚಿಟ್ಟದ್ದೂ — ನನ್ನ ನೌಕರಿ —

ಜೊತೆಗೆ ಬಂದಿದ್ದ ಅವಳ ಮೈದುನನ ಹೆಂಡತಿ, ನೆಗೆಣ್ಣಿ ನಾಗವ್ವ, ಬಾಯಿ ಜೋರಿನ ಹೆಣ್ಣು, ನಕ್ಕಳು. “ನಿಮ್ಮ ಮಿಶಿನ್ ಒಂದ ಗಂಟ ನುಂಗ್ತು, ನಮ್ಮ ಬೀರೋಬಾ ಒಂದ ನುಂಗಿದ. ಯಾರ ದೊಡ್ಡವರು ಹೇಳ್ರಿ ಬಾಯಾರ?” ಆಮೇಲೆ ದನಿ ತಗ್ಗಿಸಿ, “ನನ್ನ ಎದಿಯಾಗೂ ಒಂದ ಎದ್ದದ. ನನಗ ಈ ಕರೆಂಟ್-ಗಿರೆಂಟ್ ಬ್ಯಾಡ್ರಿ, ಭಂಡಾರನ ಸಾಕು. ಹೌದಿಲ್ರಿ?”

ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. “ವಾಟ್ ಈಸ್ ಶಿ ಸೇಯಿಂಗ್, ಸಿಸ್ಟರ್?”

“ನಥಿಂಗ್, ಡಾಕ್ಟರ್. ಶಿ ಈಸ್ ಥ್ಯಾಂಕಿಂಗ್ ಯು.”

ಅವರು ಮುಗುಳ್ನಕ್ಕು ಹೊರಟುಹೋದರು. ನಾಗವ್ವನಿಗೆ ‘ತೋರಿಸು’ ಎಂದೂ ನಾನು ಅನ್ನಲಿಲ್ಲ — ತೋರಿಸಿದರೆ ಭಂಡಾರದ ಮಾತೆದ್ದು ಬಗಲಿನ ಸಂಗತಿಯೂ ಹೊರಬೀಳುತ್ತಿತ್ತು.

ಮರುವರ್ಷ ಮಾಳವ್ವ ಒಬ್ಬಳೇ ಬಂದಳು. “ನಾಗಿ ಹೋದಳ್ರಿ. ದಿನಾ ನನ್ನ ಕೈಯಾರೆ ಹಚ್ಚತಿದ್ದೆ... ನನಗ ಗುಣಾ ಆದದ್ದು ಆಕಿಗ್ಯಾಕ ಆಗಲಿಲ್ರಿ ಬಾಯಾರ?”

ನಾನು ಅವಳ ಚೀಟಿಯಲ್ಲಿ ‘ಕೊರಳು ಸರಿ ಇದೆ’ ಎಂದಷ್ಟೇ ಬರೆದೆ.

ಈಗ ನನ್ನ ಮೊಮ್ಮಗಳು ಡಾಕ್ಟರ್. ಮೊನ್ನೆ ಊಟದ ನಡುವೆ ಏನೋ ಸಹಜವೆಂಬಂತೆ ಹೇಳಿದಳು: ಕಿರಣಕ್ಕೆ ಸಿಕ್ಕಿ ಸಾಯುವ ಗಂಟು ಕೆಲವೊಮ್ಮೆ, ತೀರ ಅಪರೂಪಕ್ಕೆ, ಮೈಯ ರಕ್ಷಣಾಶಕ್ತಿಯನ್ನೇ ಎಚ್ಚರಿಸುತ್ತದಂತೆ, ಅದು ಕ್ಯಾನ್ಸರಿನ ಗುರುತು ಹಿಡಿದು, ಕಿರಣ ಮುಟ್ಟದ ಗಂಟನ್ನೂ ಹುಡುಕಿ ಕರಗಿಸುತ್ತದಂತೆ. ಕೈಲಿದ್ದ ತುತ್ತು ಕೆಳಗಿಟ್ಟು, ಬಗಲಿನ ಗಂಟಿನ ಕಥೆ ಹೇಳಿ ಕೇಳಿದೆ: ‘ಹಾಗಾದರೆ ಮಾಳವ್ವನ ಬಗಲಿನದೂ ಹಾಗೇ ಹೋಯಿತೇ?’ ‘ಇರಬಹುದು ಅಜ್ಜಿ’ ಅಂದಳು.

ಚಿಕಿತ್ಸೆ ಸಿಕ್ಕಿದ್ದರೆ ನಾಗವ್ವ ಬದುಕುತ್ತಿದ್ದಳೋ ಇಲ್ಲವೋ, ತಿಳಿಯದು. ಆದರೆ ಡಾಕ್ಟರು ಬಾಗಿಲಲ್ಲೇ ಇದ್ದರು. ಅವಳು ಏನಂದಳೆಂದು ಕೇಳಿಯೂ ಇದ್ದರು.

ಶಿ ವಾಸ್ ನಾಟ್ ಥ್ಯಾಂಕಿಂಗ್ ಯು, ಡಾಕ್ಟರ್. ಎದೆಯಲ್ಲೊಂದು ಗಂಟು ಎದ್ದಿದೆ ಎನ್ನುತ್ತಿದ್ದಳು.