ಹೊರಗಿನ ಕೈ

ಹೊಟ್ಟೆ ನೀವುವವರು ಮಲಗಿದವರ ಬಲಗಡೆ ಕೂರಬೇಕು. ತೊಮೊ ಬಂದರಿನಲ್ಲಿ ಈ ಕಸುಬಿನವರೆಲ್ಲ ಹಾಗೇ ಕೂರುತ್ತಾರೆ. ಸೆಕಿ ಮಾತ್ರ ಎಡಗಡೆ ಕೂರುತ್ತಾಳೆ. ಹೊಸದಾಗಿ ಬಂದ ಬಸುರಿ ಹೆಂಗಸರು, "ಯಾಕಮ್ಮಾ, ಆ ಕಡೆ ಗೋಡೆ ಇದೆ, ಇಕ್ಕಟ್ಟಾಗಲ್ವಾ?" ಎಂದು ಕೇಳಿದರೆ, "ನಂಗೆ ಇದೇ ಸರಿ" ಎಂದಷ್ಟೇ ಹೇಳಿ ಅಂಗೈ ಉಜ್ಜಿಕೊಳ್ಳುತ್ತಾಳೆ. ಮೊದಲು ಹೀಗಿರಲಿಲ್ಲ. ಗಂಡನನ್ನು ಕಳೆದುಕೊಂಡ ವರ್ಷದಿಂದ ಹೀಗೆ.

ಮೂರು ವರ್ಷದವಳಿದ್ದಾಗ ದಡಾರ ಬಂದು ಸೆಕಿಯ ಎರಡೂ ಕಣ್ಣು ಹೋದವು. ಹತ್ತನೇ ವಯಸ್ಸಿಗೆ ಅಪ್ಪ ಅವಳನ್ನು ಮತ್ಸುನೊ ಎಂಬ ಗುರುವಮ್ಮನ ಮನೆಯಲ್ಲಿ ಬಿಟ್ಟ. ಅಲ್ಲಿ ಅವಳಿಗಿಂತ ಎರಡು ವರ್ಷ ಚಿಕ್ಕವಳಾದ ಇನ್ನೊಬ್ಬ ಹುಡುಗಿ ಇದ್ದಳು, ಫುದೆ. ಅವಳಿಗೂ ಕಣ್ಣಿಲ್ಲ, ಬಾಯಿ ಮಾತ್ರ ಇಬ್ಬರಿಗಾಗುವಷ್ಟಿತ್ತು. ಮೊದಲ ವರ್ಷ ಅವರ ಕೈಗೆ ಮನುಷ್ಯರ ಹೊಟ್ಟೆಯೇ ಸಿಗಲಿಲ್ಲ. ಭತ್ತದ ತೌಡು ತುಂಬಿದ ಚೀಲ, ಒಬ್ಬೊಬ್ಬರಿಗೆ ಒಂದೊಂದು. ದಿನವಿಡೀ ಅದನ್ನೇ ನೀವಬೇಕು. ಗುರುವಮ್ಮ ರಾತ್ರಿ ಬಂದು ಸೆಕಿಯ ಚೀಲದ ದಾರವನ್ನು ಒಂದೊಂದೇ ಎಳೆಯಷ್ಟು ಬಿಗಿ ಮಾಡುತ್ತಿದ್ದಳಂತೆ. ಇಪ್ಪತ್ತನೇ ದಿನ ಕೇಳಿದಳು, "ಹೇಗಿದೆ?"

"ನಿನ್ನೆ ಹಾಗೇ ಇದೆ."

ಪಕ್ಕದಿಂದ ಫುದೆ ಕೈ ಹಾಕಿ ಮುಟ್ಟಿ ಕಿಸಕ್ಕನೆ ನಕ್ಕಳು. "ಇದೇನು ಚೀಲಾನಾ, ಕಟ್ಟಿಗೇನಾ ಅಕ್ಕಾ?"

ಅವತ್ತು ಗುರುವಮ್ಮ ಬೈಯಲಿಲ್ಲ. ದಿನಾ ಮುಟ್ಟುವುದನ್ನು ಕೈ ಮರೆತುಬಿಡುತ್ತದೆ, ಅದಕ್ಕೇ ಮನೆಯವರ ಹೊಟ್ಟೆಯನ್ನು ವರ್ಷಕ್ಕೆರಡು ಸಲ ಹೊರಗಿನ ಕೈಗೆ ಕೊಡಬೇಕು, ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ, ಹೊಸ ವರ್ಷಕ್ಕೆ ಮುಂಚೆ ಒಮ್ಮೆ, ಎಂದಳು. ಈ ಮಾತು ಮೀರಿದವರನ್ನು ಕಸುಬಿನವರು ತಮ್ಮವರೆಂದು ಎಣಿಸುತ್ತಿರಲಿಲ್ಲ.

ಸೆಕಿಯ ಗಂಡ ಕಮೆಜೊ ಪೀಪಾಯಿ ಮಾಡುವವನು. ಹಲಗೆ ಜೋಡಿಸಿ, ಬಿದಿರಿನ ಪಟ್ಟಿ ಬಿಗಿದು, ಬೆರಳಿನಿಂದ ಬಡಿದು ಕೇಳಿ, ಸೋರುತ್ತದೋ ಇಲ್ಲವೋ ಹೇಳಿಬಿಡುತ್ತಿದ್ದ. ಮದುವೆಯಾದಾಗಿನಿಂದ ಪ್ರತಿ ಸಂಜೆ, ಊಟಕ್ಕೆ ಮುಂಚೆ, ಚಾಪೆಯ ಮೇಲೆ ಮಲಗಿ ಅಂಗಿ ಮೇಲೆತ್ತುವನು. ಸೆಕಿ ಬಲಗಡೆ ಕೂತು ಎದೆಗೂಡಿನ ಕೆಳಗಿಂದ ಶುರುಮಾಡಿ ಹೊಕ್ಕುಳ ಸುತ್ತಿ ಕಿಬ್ಬೊಟ್ಟೆಯವರೆಗೆ ನೀವುವಳು.

"ಏನನ್ನತ್ತೆ ಪೀಪಾಯಿ?"

"ಹದವಾಗಿ ಕುಟ್ಟಿದ ಅಕ್ಕಿಮುದ್ದೆ ಹಾಗಿದೆ. ಏಳಿ, ಊಟ ಮಾಡಿ."

ಮಕ್ಕಳಾಗಲಿಲ್ಲ. ಆ ಹೊಟ್ಟೆಯೊಂದೇ ಅವಳ ಮನೆ, ಅವಳ ಓಣಿ. ಕಣ್ಣಿಲ್ಲದವಳಿಗೆ ಗಂಡನ ಮುಖವೆಂದರೂ ಅದೇ.

ವರ್ಷಕ್ಕೆರಡು ಸಲ ಫುದೆ ಬಂದು ಕಮೆಜೊನ ಹೊಟ್ಟೆ ನೋಡುತ್ತಿದ್ದಳು, ಸೆಕಿ ಹೋಗಿ ಫುದೆಯ ಅತ್ತೆಯ ಹೊಟ್ಟೆ ನೋಡುತ್ತಿದ್ದಳು. ಯುದ್ಧ ಮುಗಿದ ಏಳನೇ ವರ್ಷ ಅದು ನಿಂತಿತು. ನಿಂತದ್ದು ಎಷ್ಟು ಸಣ್ಣ ಮಾತಿಗೆ! ಆ ಸಲ ಫುದೆ ಕಮೆಜೊನ ಪಕ್ಕೆ ಒತ್ತಿ, "ಭಾವ, ಇಲ್ಲಿ ಗಂಟು ಹಾಗೇ ಕೂತಿದೆಯಲ್ಲ. ಅಕ್ಕಾ, ಸಂಸಾರ ಮಾಡಿ ಮಾಡಿ ನಿನ್ನ ಕೈ ಜಡ್ಡುಗಟ್ಟಿದೆ ಬಿಡು," ಎಂದು ನಕ್ಕಿದ್ದಳು. ತಮಾಷೆಯೇ. ಆದರೆ ಪಕ್ಕದ ಮನೆಯ ಮೀನು ಮಾರುವ ಒಯೊನೆ ಅಲ್ಲೇ ಕೂತಿದ್ದಳು, ಅವಳೂ ನಕ್ಕಳು. ಸೆಕಿಗೆ ಮೈಯೆಲ್ಲ ಉರಿಯಿತು. ಮುಂದಿನ ಸಲ ಫುದೆ ಹೇಳಿಕಳಿಸಿದಾಗ "ನಮ್ಮನೇಲಿ ಎಲ್ಲ ಸರಿ ಇದೆ" ಎಂದು ಉತ್ತರ ಹೋಯಿತು. ಅದರ ಮುಂದಿನ ಸಲವೂ ಹಾಗೇ. ಆಮೇಲೆ ಹೇಳಿಕಳಿಸುವುದೂ ನಿಂತಿತು. ನಾಲ್ಕು ವರ್ಷ ಹೀಗೇ ಕಳೆಯಿತು.

ನಾಲ್ಕನೇ ವರ್ಷ ಒಯೊನೆ ಒಂದೆರಡು ಸಲ ಹೇಳಿದ್ದುಂಟು. "ಸೆಕಿ, ನಿಮ್ಮೆಜಮಾನ್ರು ಒಣಗಿದ ಮೀನಾಗಿದ್ದಾರಲ್ಲೇ."

"ಸೆಖೆಗೆ ಯಾರು ಒಣಗಲ್ಲ? ದಿನಾ ಮುಟ್ಟೋಳು ನಾನು. ನನ್ನ ಕೈಗೆ ಗೊತ್ತಾಗ್ದೇ ಇರತ್ತಾ?"

ಕಮೆಜೊ ಅನ್ನ ಬಿಡತೊಡಗಿದ್ದ. ಕೇಳಿದರೆ ಅಂಗಡಿಯಲ್ಲಿ ಸಿಹಿಗೆಣಸು ತಿಂದೆ ಎನ್ನುವನು. ರಾತ್ರಿ ಮಗ್ಗುಲಾಗುವಾಗ ಹಲ್ಲು ಕಚ್ಚುವ ಸದ್ದು ಅವಳಿಗೆ ಕೇಳಿಸಿತ್ತು. ಕೇಳಿಸಿರಲಿಲ್ಲವೇ? ಕೇಳಿಸಿತ್ತು. ಬೆಳಿಗ್ಗೆ ಎದ್ದು ಮೊದಲ ಕೆಲಸವೆಂದರೆ ಅವನ ಹೊಟ್ಟೆ ಮುಟ್ಟಿ ನೋಡುವುದು. ನಿನ್ನೆಯ ಹಾಗೇ ಇರುತ್ತಿತ್ತು. ಮೊನ್ನೆಯ ಹಾಗೇ ಇರುತ್ತಿತ್ತು. ಅಬ್ಬಾ ಎಂದು ಉಸಿರು ಬಿಟ್ಟು ಒಲೆ ಹಚ್ಚುತ್ತಿದ್ದಳು.

ಆ ಶರತ್ಕಾಲ ಗುರುವಮ್ಮನ ಹದಿನೇಳನೇ ವರ್ಷದ ತಿಥಿ, ಸೆಕಿಯ ಮನೆಯಲ್ಲೇ. ಫುದೆ ಬರಲೇಬೇಕಾಯಿತು, ಬಂದಳು. ಧೂಪ ಹಾಕಿ ಚಹಾ ಕುಡಿದು ಮೂವರೂ ಸುಮ್ಮನೆ ಕೂತಿದ್ದಾಗ ಆ ಬಿಗುವು ಸಡಿಲಿಸಲೆಂದು ಕಮೆಜೊನೇ ಅಂಗಿ ಎತ್ತಿ ಮಲಗಿದ.

"ಬಾರಮ್ಮಾ ಫುದೆ, ನಿಮ್ಮಕ್ಕನ ಜಡ್ಡುಗೈ ಏನು ಮಾಡಿದೆ ನೋಡು."

"ಭಾವನಿಗೆ ಇನ್ನೂ ಅದೇ ನೆನಪು!" ಎನ್ನುತ್ತ ಫುದೆ ಕೈಯಿಟ್ಟಳು. ನಗು ಅರ್ಧಕ್ಕೆ ನಿಂತಿತು. ಅವಳ ಕೈ ಚಲಿಸುವ ಸದ್ದೂ ನಿಂತಿತು. ಸೆಕಿ ಕಾದಳು. ಬೀದಿಯಲ್ಲಿ ಯಾರೋ ಮರದ ಚಪ್ಪಲಿ ಟಕಟಕ ಸದ್ದು ಮಾಡುತ್ತ ಹೋದರು.

"ಅಕ್ಕಾ," ಎಂದಳು ಫುದೆ ಮೆಲ್ಲಗೆ. "ಈ ಕಡೆ ಬಾ. ಆ ಕಡೆ ಬೇಡ, ಇಲ್ಲಿ, ಎಡಗಡೆ ಕೂರು. ಎಡಗೈ ಕೊಡು."

"ಯಾಕೇ?"

"ಕೊಡು ಅಂದೆ."

ಸೆಕಿ ಎಂದೂ ಕೂರದ ಜಾಗದಲ್ಲಿ ಕೂತಳು. ನೀವುವಾಗ ಎಂದೂ ಮೊದಲು ಇಡದ ಎಡಗೈಯನ್ನು ಇಟ್ಟಳು. ಅದು ಅವಳ ಗಂಡನ ಹೊಟ್ಟೆಯಾಗಿರಲಿಲ್ಲ. ಯಾರೋ ಬಡಕಲು ಮನುಷ್ಯನದು. ಪಕ್ಕೆಲುಬುಗಳು ಬುಟ್ಟಿಯ ಕಡ್ಡಿಗಳಂತೆ ಎದ್ದಿದ್ದವು. ಅವುಗಳ ಕೆಳಗೆ, ನಡುವೆ, ಹೊಳೆಯ ತಳದ ಗುಂಡುಕಲ್ಲಿನಂಥದ್ದೊಂದು ಕೂತಿತ್ತು. ಒತ್ತಿದರೆ ಅಲ್ಲಾಡಲಿಲ್ಲ.

"ಏನ್ರಮ್ಮಾ ಇಬ್ಬರೂ ಗಪ್‌ಚಿಪ್? ಪೀಪಾಯಿ ಸೋರ್ತಿದೆಯಾ?" ಎಂದ ಕಮೆಜೊ.

ಪಟ್ಟಣದ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ನೋಡಿ ಹಾಗೇ ಹೊಲಿದರು. ವೈದ್ಯರು ಸೆಕಿಯನ್ನು ಮಾತ್ರ ಹೊರಗೆ ಕರೆದರು. ಹೊಸ ವರ್ಷ ದಾಟಿದರೆ ಹೆಚ್ಚು. ಅವರಿಗೆ ಹೇಳಬೇಡಿ, ಬರೀ ಹುಣ್ಣು ಅನ್ನಿ, ಎಲ್ಲರೂ ಹಾಗೇ ಹೇಳುವುದು. "ಒಂದು ವರ್ಷ ಮುಂಚೆ ಬರಬೇಕಿತ್ತು. ನೋವಾಗ್ತಿರ್ಲಿಲ್ವಂತಾ?"

ನೋವಾಗುತ್ತಿತ್ತು. ಪೀಪಾಯಿ ಅಂಗಡಿಯ ಯಜಮಾನ ನೋಡಲು ಬಂದವನು ಬಾಗಿಲಲ್ಲಿ ಹೇಳಿ ಹೋದ. "ಎಷ್ಟು ಸಲ ಬೈದೆ, ಡಾಕ್ಟ್ರಿಗೆ ತೋರಿಸೋ ಅಂತ. 'ನನ್ನ ಹೆಂಡ್ತಿ ಕೈ ಚೆನ್ನಾಗಿದೆ ಅಂದ್ಮೇಲೆ ಚೆನ್ನಾಗೇ ಇದೆ, ಡಾಕ್ಟ್ರಿಗೇನು ಗೊತ್ತು' ಅಂದ."

ಈ ಮಾತು ಕೇಳಿದ ಮೇಲೆ ಸೆಕಿಗೆ ಅವನನ್ನು ಮುಟ್ಟಲಾಗಲಿಲ್ಲ. ಗಂಜಿ ಕುಡಿಸಿದಳು, ಉಪ್ಪಿನಲ್ಲಿ ನೆನೆಸಿದ ಪ್ಲಮ್ ಹಣ್ಣಿನ ತಿರುಳು ಬಿಡಿಸಿ ಬಾಯಿಗಿಟ್ಟಳು, ಬಟ್ಟೆ ಬದಲಿಸಿದಳು. ಸಂಜೆಯಾದರೆ ಮಾತ್ರ ಅಡುಗೆಮನೆಯಲ್ಲಿ ಕೆಲಸ ಹುಡುಕುವಳು. ತೊಳೆದ ಬಟ್ಟಲನ್ನೇ ತೊಳೆಯುವಳು. ಎಡಗಡೆ ಕೂರುವ ಬುದ್ಧಿ ಯಾಕೆ ತನಗೇ ಬರಲಿಲ್ಲ? ಒಂದೇ ಒಂದು ಸಲ, ಬೆನ್ನು ನೋವೆಂದೋ ಗಾಳಿ ಬರುತ್ತದೆಂದೋ, ಆ ಕಡೆ ಕೂತಿದ್ದರೆ? ಒಯೊನೆ ಅವತ್ತು ನಗದಿದ್ದರೆ? ಫುದೆ ಇನ್ನೊಂದು ಸಲ ಹೇಳಿಕಳಿಸಿದ್ದರೆ? ಫುದೆ ಎರಡು ಸಲ ಹೇಳಿಕಳಿಸಿದ್ದಳು.

"ಏ ಸೆಕಿ. ಹೊಟ್ಟೆ ನೋಡಲ್ವೇನೇ ಇವತ್ತು?"

"ನಂಗೆ ನೆಗಡಿ. ನಾಳೆ."

"ನೆಗಡಿ ಮೂಗಿಗೆ ಬರೋದು ಕಣೇ, ಕೈಗಲ್ಲ."

ಹನ್ನೆರಡು ದಿನ ಹೀಗೆ ನಡೆಯಿತು. ಹದಿಮೂರನೇ ಸಂಜೆ ಅವನು ತಮಾಷೆ ಮಾಡಲಿಲ್ಲ. "ಮೂವತ್ತೊಂದು ವರ್ಷ ಒಂದು ದಿನ ಬಿಟ್ಟಿಲ್ಲ ನೀನು. ಈಗ ಬಿಟ್ರೆ ನಾನು ಹೊರಟೇಹೋದ ಹಾಗೆ ಅನ್ಸತ್ತೆ," ಎಂದ.

ಸೆಕಿ ಕೈ ಒರೆಸಿಕೊಂಡು ಬಂದಳು. ಗೋಡೆ ತಡವುತ್ತ ಹಾಸಿಗೆ ಸುತ್ತಿ ಎಡಗಡೆ ಹೋಗಿ ಕೂತಳು.

"ದಾರಿ ತಪ್ಪಿದೆಯಲ್ಲೇ. ನಿನ್ನ ಜಾಗ ಆ ಕಡೆ."

"ಇವತ್ತು ಇಲ್ಲಿಂದ."

ಹೊಲಿಗೆಯ ಗಾಯ ತಪ್ಪಿಸಿ ಎಡಗೈ ಇಟ್ಟಳು. ಅವನು ಎಂದಿನಂತೆ ಕೇಳಿದ, "ಏನನ್ನತ್ತೆ ಪೀಪಾಯಿ?"

ಹುಣ್ಣು ಅನ್ನಿ ಎಂದಿದ್ದರು ವೈದ್ಯರು. ಅಕ್ಕಿಮುದ್ದೆ ಎನ್ನುವ ಮಾತು ನಾಲಿಗೆಯ ತುದಿಗೇ ಬಂದು ನಿಂತಿತ್ತು. ಈ ಕೈ ಅವನಿಗೆ ಅಷ್ಟು ವರ್ಷ ಅದನ್ನೇ ಹೇಳಿತ್ತಲ್ಲ.

"ಕಲ್ಲಿದೆ ರೀ," ಎಂದಳು. "ನನ್ನ ಮುಷ್ಟಿಗಿಂತ ದೊಡ್ಡದು. ಕರಗೋದಲ್ಲ. ನನ್ನ ಕೈ ಕೆಳಗೇ ಬೆಳೀತು, ನಂಗೆ ಗೊತ್ತಾಗಲಿಲ್ಲ."

ಕಮೆಜೊನ ಹೊಟ್ಟೆ ಒಮ್ಮೆ ಗಟ್ಟಿಯಾಗಿ ಬಿಗಿದುಕೊಂಡಿತು, ಆಮೇಲೆ ನಿಧಾನವಾಗಿ ಸಡಿಲವಾಯಿತು. ಇದನ್ನೂ ಅವಳ ಕೈಯೇ ಮೊದಲು ಕೇಳಿಸಿಕೊಂಡಿತು.

"ನಿನ್ನ ಕೈ ತಣ್ಣಗಿದೆ," ಎಂದ ಕೊನೆಗೆ. "ಉಜ್ಜಿಕೊಂಡು ಇಡು."

ಅವಳು ಕೈ ತೆಗೆದು, ಎರಡೂ ಅಂಗೈ ಸೇರಿಸಿ, ಬಿಸಿಯೇರುವವರೆಗೆ ಉಜ್ಜಿದಳು. ಮತ್ತೆ ಅಲ್ಲೇ ಇಟ್ಟಳು. ನೀವಲಿಲ್ಲ. ಒತ್ತಲಿಲ್ಲ. ಒಲೆಯ ಮೇಲೆ ಗಂಜಿ ಸೀಯುತ್ತಿರುವ ವಾಸನೆ ಬಂತು, ಏಳಲಿಲ್ಲ.