ಒಂದು ಡಬ್ಬಿಗೆ ಒಂದು ಹುಳ

ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಡಂಗೆ ಮಕ್ಕಳು ಇಟ್ಟ ಹೆಸರು ‘ಹೇಗ್ಗೊತ್ತು ಮೇಡಂ’. ಯಾರು ಏನು ಬರೆದುಕೊಂಡು ಬಂದರೂ ಅವರ ಮೊದಲ ಮಾತು ಅದೇ: "ಹೇಗೆ ಗೊತ್ತು?" ನಾನು ಅವರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವವಳು. ಯಜಮಾನರು ಹೋದಮೇಲೆ ಸೇರಿಕೊಂಡೆ.

ಊಟದ ಹೊತ್ತಿಗೆ ಉಳಿದ ಮೇಷ್ಟ್ರುಗಳೆಲ್ಲ ಕೆಳಗಿನ ಕೋಣೆಯಲ್ಲಿ ಸೇರಿದರೆ, ಮೇಡಂ ಮಾತ್ರ ಕಿಟಕಿಯ ಬಳಿ ಬಸವನಹುಳುಗಳ ಜೊತೆ ಕೂರುತ್ತಿದ್ದರು. ಒಂದೊಂದು ಹುಳಕ್ಕೆ ಒಂದೊಂದು ಡಬ್ಬಿ, ಒಂದೊಂದು ಎಲೆ. ಯಾವುದು ಎಷ್ಟು ತಿಂದಿತೆಂದು ದಿನಾ ಅಳೆಯುವುದು. ಅದನ್ನೆಲ್ಲ ಬರೆದು ವಿಜ್ಞಾನದ ಪತ್ರಿಕೆಗೆ ಕಳಿಸಿದರೆ, ಹೋದ ಹಾಗೇ ವಾಪಸ್ಸು ಬಂತು, ಒಂದು ಗೆರೆಯ ಗುರುತೂ ಇಲ್ಲದೆ.

"ಯಾರೂ ಓದೇ ಇಲ್ಲ ಅಜ್ಜಿ. ಬೈದಿದ್ರೂ ಸಾಕಿತ್ತು," ಅಂದರು. "ಪರೀಕ್ಷೆ ಮುಗೀಲಿ, ಇವನ್ನೆಲ್ಲ ತೋಟಕ್ಕೆ ಬಿಟ್ಟುಬಿಡ್ತೀನಿ."

ಹುಳವೂ ಹೋದರೆ ಆ ಕೋಣೆಯಲ್ಲಿ ಅವರಿಗೆ ಇನ್ನೇನಿತ್ತು?

ಅವರು ಕಲಿಸುವ ರೀತಿಯೇ ಬೇರೆ. ಮಕ್ಕಳೂ ಹುಳ, ಎಲೆ ಅಂತ ಪ್ರಯೋಗ ಮಾಡಿ ಬರೆದದ್ದನ್ನು, ಹೆಸರು ಮುಚ್ಚಿ, ಒಬ್ಬರದನ್ನು ಇನ್ನೊಬ್ಬರಿಗೆ ಕೊಡುವುದು. ಓದಿದವರು ಅಂಚಿನಲ್ಲಿ ಪ್ರಶ್ನೆ ಬರೆಯಬೇಕು. ಯಾರದು ಯಾರ ಕೈಗೆ ಹೋಯಿತೆಂದು ಕೊನೆಯವರೆಗೂ ಹೇಳುವಂತಿಲ್ಲ. ಮೊದಮೊದಲು ಮಕ್ಕಳು ‘ಚೆನ್ನಾಗಿದೆ’ ಎಂದು ಗೀಚಿ ಕೊಡುತ್ತಿದ್ದರು.

"ಇದೇನು ಮದುವೆ ಊಟಾನಾ, ಚೆನ್ನಾಗಿದೆ ಅನ್ನೋಕೆ?" ಎಂದು ಮೇಡಂ ತಿರುಗಿ ಕೊಡುತ್ತಿದ್ದರು.

ಆ ಸಲ ಒಬ್ಬ ಹುಡುಗ ತನ್ನ ಪಾಲಿಗೆ ಬಂದದ್ದನ್ನು ಒಯ್ದು, ತನ್ನದನ್ನು ಕೊಡುವ ಮೊದಲೇ ಜ್ವರ ಬಂದು ಮಲಗಿದ. ಹಿಂದಿನ ಬೆಂಚಿನ ಹುಡುಗಿಗೆ ಓದಲು ಬರಹವೇ ಇಲ್ಲದಂತಾಯಿತು.

"ನಂಗೆ ರಜಾ ತಾನೇ ಮೇಡಂ?"

"ಆಸೆ ನೋಡು!" ಎಂದು ಮೇಡಂ ಬೀರು ತೆಗೆದರು. ವಾಪಸ್ಸು ಬಂದಿದ್ದ ತಮ್ಮದೇ ಬರಹದ ಹೆಸರಿನ ಮೇಲೆ ಕಾಗದ ಅಂಟಿಸಿ ಕೊಟ್ಟರು. ಅಂಟು ತಂದುಕೊಟ್ಟವಳು ನಾನೇ.

ವಾರ ಬಿಟ್ಟು ಅದು ತಿರುಗಿ ಬಂದಾಗ ಅಂಚಿನ ತುಂಬ ಪೆನ್ಸಿಲ್ ಬರಹ. ಒಂದನ್ನು ಮೇಡಂ ನನಗೆ ಓದಿ ಹೇಳಿದರು: "ಒಂದೊಂದನ್ನೇ ಬೇರೆ ಇಟ್ಟು, ಬಸವನಹುಳು ಇಷ್ಟೇ ತಿನ್ನುತ್ತದೆ ಅಂತ ಬರೆದಿದ್ದೀರಿ. ಎರಡು ಒಟ್ಟಿಗಿದ್ದರೂ ಇಷ್ಟೇ ತಿನ್ನುತ್ತವೆ ಅಂತ ಹೇಗೆ ಗೊತ್ತು?"

ಕನ್ನಡಕ ತೆಗೆದು ಒರೆಸಿಕೊಂಡರು.

ಅಷ್ಟರಲ್ಲಿ ಆ ಹುಡುಗಿ ಬಾಗಿಲಲ್ಲಿ ಇಣುಕಿದಳು. "ಮೇಡಂ, ಬರೆದೋರಿಗೆ ಬೇಜಾರಾಯ್ತಾ? ಯಾರು ಅವರು?"

"ಬೇಜಾರಿಲ್ಲ. ಯಾರು ಅಂತ ಮಾತ್ರ ಹೇಳೋ ಹಾಗಿಲ್ಲಮ್ಮ."

ಹುಡುಗಿ ಗೆಳತಿಯರ ಜೊತೆ ನಗುತ್ತಾ ಮೆಟ್ಟಿಲಿಳಿದು ಹೋದಳು. ಆ ನಗು ಅಂಗಳ ದಾಟುವವರೆಗೂ ಮೇಡಂ ಬಾಗಿಲನ್ನೇ ನೋಡುತ್ತಿದ್ದರು. ಆಮೇಲೆ ಒಂದು ಹುಳವನ್ನು ಮೆಲ್ಲಗೆ ಎತ್ತಿ ಪಕ್ಕದ ಡಬ್ಬಿಯ ಹುಳದ ಜೊತೆಗೆ ಬಿಟ್ಟರು.

"ಅಜ್ಜಿ, ನಾಳೆಯಿಂದ ನಿಮಗೆ ಡಬ್ಬಿ ತೊಳೆಯೋದು ಸ್ವಲ್ಪ ಕಮ್ಮಿ," ಅಂದರು. "ಎಲೆ ಮಾತ್ರ ಜಾಸ್ತಿ ತನ್ನಿ."