ಅಥಣಿಗೆ ಒಯ್ದ ವಾದಗಳು

ನಿಪ್ಪಾಣಿಯಿಂದ ಬೆಳಗಿನ ಕೆಂಪು ಬಸ್ಸು ಹೊರಟಾಗಲೇ ಮೇ ತಿಂಗಳ ಬಿಸಿಲಿಗೆ ಕಿಟಕಿಯ ಸರಳುಗಳು ಕಾದಿದ್ದವು. ಅಥಣಿಯ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಅಕ್ಕನಿಗೆ ವಿಪರೀತ ರಕ್ತ ಹೋಗಿತ್ತು. ಅವಳಿಗೆ ಹೊಂದುವ ರಕ್ತ ನಮ್ಮ ಮನೆಯಲ್ಲಿ ಯಾರದೂ ಅಲ್ಲ, ಪಕ್ಕದ ಮನೆಯ ದಸ್ತಗೀರ ಚಾಚಾರದು. ಸುದ್ದಿ ಕೇಳಿದವರೇ ಚಪ್ಪಲಿ ಮೆಟ್ಟಿ ನನ್ನೊಡನೆ ಹೊರಟಿದ್ದರು. ಆದರೆ ಅದು ರಂಜಾನ್. ಅವರು ರೋಜಾ ಹಿಡಿದಿದ್ದರು. ಖಾಲಿ ಹೊಟ್ಟೆಯವರಿಂದ ರಕ್ತ ತೆಗೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ರೋಜಾ ಮುರಿಯಬೇಕೆಂದು ಈಗಲೇ ಹೇಳಿ, ಅವರು ಚಿಕ್ಕೋಡಿಯಲ್ಲೇ ಇಳಿದುಬಿಟ್ಟರೆ?

ಕಾಲೇಜಿನ ಚರ್ಚಾಕೂಟಗಳಲ್ಲಿ ದೇವರನ್ನು ಎಷ್ಟೋ ಸಲ ಸೋಲಿಸಿದವಳು ನಾನು. ಚಾಚಾರ ಮನೆಯ ಕಟ್ಟೆಯ ಮೇಲೂ ಸೋಲಿಸಲು ನೋಡಿದ್ದೆ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದೆವು. ಉಪ್ಪು ಖಾರ ಹಚ್ಚಿದ ಸೌತೆಕಾಯಿ ಮಾರುವವರು ಕಿಟಕಿಗೇ ಬಂದರು. ನಾನು ತಿನ್ನಲಿಲ್ಲ, ಮನಸ್ಸಿನಲ್ಲೇ ವಾದ ಜೋಡಿಸುತ್ತಿದ್ದೆ.

"ಇವತ್ತ ಬಾಯಿ ಯಾಕ ಬಂದ್ ಐತಿ, ಬೇಟಿ? ಅಲ್ಲಾನ ಕೂಡ ರಾಜಿ ಆತೇನು?"

"ದೊಡ್ಡ ವಾದಾ ಐತ್ರಿ ಚಾಚಾ, ತಯಾರಿ ನಡದೈತಿ."

"ಹಂಗಾದ್ರ ಸಾವಕಾಶ ಮಾಡು. ಕಾಗವಾಡನ ಇನ್ನೂ ದೂರ ಐತಿ."

ಅಥಣಿಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಅದು: "ಏನರೆ ತಿಂದೀರೇನ್ರಿ?"

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಚಾಚಾ ನನ್ನ ಕಡೆ ತಿರುಗಿದರು. "ಚಾ ತರಸವಾ. ಬಿಸ್ಕಿಟೂ ಇರಲಿ."

"ರೋಜಾ?"

"ಈದ್ ಆದ ಮ್ಯಾಲೆ ಒಂದು ಹಿಡದು ತೀರಸ್ತೀನಿ. ಅಲ್ಲಾ ಇವತ್ತ ನನ್ನ ಇಲ್ಲಿಗೆ ಕಳಿಸಿದ್ದು ಹಸದು ಕುಂದ್ರಾಕೇನು?"

ಅಷ್ಟೇ. ನಿಪ್ಪಾಣಿಯಿಂದ ಹೊತ್ತು ತಂದ ನನ್ನ ವಾದಗಳಿಗೆ ಎದುರಾಳಿಯೇ ಸಿಗಲಿಲ್ಲ. ಇಷ್ಟು ಸಂತೋಷದಿಂದ ನಾನು ಯಾವ ಸೋಲನ್ನೂ ಒಪ್ಪಿಕೊಂಡಿಲ್ಲ.

ಸಂಜೆ ಹೊತ್ತಿಗೆ ಅಕ್ಕ ಕಣ್ಣು ತೆರೆದು, ಮಗುವನ್ನು ತೋರಿಸಿರೆಂದಳು. ಹೆರಿಗೆಗೆಂದು ಮೊದಲೇ ಬಂದಿದ್ದ ಅವ್ವ ಅವಳ ಬಳಿ ಉಳಿದಳು, ನಾವಿಬ್ಬರು ತಿರುಗಿ ಬಸ್ಸು ಹತ್ತಿದೆವು. ಕಾಗವಾಡದಲ್ಲಿ ಎರಡು ಬಾಳೆಹಣ್ಣು ಕೊಂಡು ಒಂದನ್ನು ಚಾಚಾರಿಗೆ ಕೊಟ್ಟೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ರೋಜಾ ಮುರದೈತಲ್ರಿ, ಇನ್ನ ಯಾಕ ಕಾಯ್ತೀರಿ?" ಎಂದೆ.

"ಮುರದದ್ದು ನನ್ನ ರೋಜಾ. ರಂಜಾನ್ ಹಂಗ ಐತಲ್ಲ, ಬೇಟಿ. ಅಲ್ಲಿ ನಿಮ್ಮ ಚಾಚಿ ಹಸದು ಕುಂತಾಳ. ನಾ ಒಬ್ಬನ ಹ್ಯಾಂಗ ತಿನ್ನಲಿ?"

ಇದಕ್ಕೆ ನನ್ನಲ್ಲಿ ಪ್ರತಿವಾದವಿತ್ತು. ಆಡಲಿಲ್ಲ.

ಕೃಷ್ಣೆಯ ಸೇತುವೆಯ ಹತ್ತಿರ, ದಂಡೆಯ ಊರಿನಿಂದ ರೋಜಾ ಬಿಡುವ ಹೊತ್ತಿನ ಬಾಂಗು ಕೇಳಿಸಿತು. ಚಾಚಾ ಬಿಸ್ಮಿಲ್ಲಾ ಎಂದು ಹಣ್ಣು ಸುಲಿದರು. ದೇವರಿದ್ದಾನೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ನನ್ನ ಕೈಯಲ್ಲಿದ್ದ ಹಣ್ಣನ್ನೂ ಅಲ್ಲಿಯವರೆಗೆ ಸುಲಿದಿರಲಿಲ್ಲ.